ಎಂಜಿನ್ನಿನ ಹಣೆಬರಹ ತಿದ್ದುವವರು

ಕಬ್ಬಿಣವನ್ನು ಮುಟ್ಟದೆ ಕಾರಿನ ಶಕ್ತಿಯನ್ನು ಹೆಚ್ಚಿಸುವ ಹೊಸ ವಿದ್ಯೆ: ಅದರ ಒಳಗುಟ್ಟೇನು? ಅದರ ಬೆಲೆಯೇನು?

ಹಣೆಯಲ್ಲಿ ಬರೆದದ್ದನ್ನು ಹರಿಹರ ಬ್ರಹ್ಮಾದಿಗಳೂ ಅಳಿಸಲಾರರೆಂಬುದು ನಮ್ಮ ಹಿರಿಯರ ನಂಬಿಕೆ. ಮನುಷ್ಯರ ಮಟ್ಟಿಗೆ ಈ ಮಾತು ಹೇಗೋ ಏನೋ, ಮೋಟಾರು ಕಾರಿನ ಮಟ್ಟಿಗಂತೂ ಅದು ಈಗ ನಿಜವಾಗಿ ಉಳಿದಿಲ್ಲ. ಕಾರಿನ ಎಂಜಿನ್ನಿಗೂ ಒಂದು ಹಣೆಬರಹವುಂಟು. ಅದನ್ನು ಬರೆಯುವವರು ಕಾರ್ಖಾನೆಯ ಎಂಜಿನಿಯರುಗಳು. ಅದನ್ನು ಅಳಿಸಿ ಬೇರೆ ಬರೆಯುವುದಕ್ಕೆ ಒಂದು ಲ್ಯಾಪ್‌ಟಾಪು, ಒಂದು ಕೇಬಲು, ಕೆಲವು ಗಂಟೆಗಳ ಬಿಡುವು ಇಷ್ಟಿದ್ದರೆ ಸಾಕು. ನಟ್ಟು ಬಿಚ್ಚಬೇಕಾಗಿಲ್ಲ, ಕೈಗೆ ಮಸಿ ಹತ್ತುವುದೂ ಇಲ್ಲ. ಬೆಳಗ್ಗೆ ೭೫ ಅಶ್ವಶಕ್ತಿಯ ಕಾರಾಗಿ ಅಂಗಡಿಯೊಳಗೆ ಹೋದದ್ದು ಸಂಜೆಯ ಹೊತ್ತಿಗೆ ೯೫ ಅಶ್ವಶಕ್ತಿಯದೆನಿಸಿಕೊಂಡು ಹೊರಬರುತ್ತದೆ.

ಈ ಕೆಲಸಕ್ಕೆ ರೀಮ್ಯಾಪಿಂಗ್ ಎಂದು ಹೆಸರು. ಬೆಂಗಳೂರಿನಂಥ ನಗರಗಳಲ್ಲಿ ಇದನ್ನೇ ವೃತ್ತಿಯಾಗಿ ಮಾಡಿಕೊಂಡ ಅಂಗಡಿಗಳಿವೆ. ಹತ್ತಾರು ಸಾವಿರ ರೂಪಾಯಿ ತೆತ್ತು ಮಾಡಿಸಿಕೊಳ್ಳುವವರೂ ಇದ್ದಾರೆ. ಟರ್ಬೊ ಇರುವ ಡೀಸೆಲ್ ಎಂಜಿನ್ನಿನಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತರಷ್ಟು, ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಶಕ್ತಿ ಹೆಚ್ಚುವುದೆಂದು ಈ ವೃತ್ತಿಯವರು ಹೇಳುತ್ತಾರೆ. ಹಾಗಾದರೆ ಈ ಇಪ್ಪತ್ತು ಕುದುರೆಗಳು ಇಷ್ಟು ದಿನ ಎಲ್ಲಿದ್ದವು? ಹಣ ಕೊಟ್ಟು ಕೊಂಡವನಿಗೆ ಸಲ್ಲಬೇಕಾದ ಶಕ್ತಿಯನ್ನು ಕಾರ್ಖಾನೆಯವರೇಕೆ ಬಚ್ಚಿಟ್ಟರು? ಮನೆಯಲ್ಲಿ ಕಾರಿನ ಹುಚ್ಚಿರುವ ಮಗನಿದ್ದರೆ ತಂದೆಗೆ ಈ ಪ್ರಶ್ನೆ ಇಂದಲ್ಲ ನಾಳೆ ಎದುರಾಗುವುದು ಖಂಡಿತ. ಉತ್ತರವನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಸೀಸದ ಸೀಲು ಒಡೆಯುತ್ತಿದ್ದ ಕಾಲ

ಈ ಆಸೆ ಹೊಸದೇನೂ ಅಲ್ಲ. ಕಂಪ್ಯೂಟರು ಕಾರಿನೊಳಗೆ ಕಾಲಿಡುವುದಕ್ಕೆ ಎಷ್ಟೋ ಮೊದಲೇ ನಮ್ಮ ಹೆದ್ದಾರಿಗಳ ಲಾರಿ ಚಾಲಕರು ಇದೇ ವಿದ್ಯೆಯನ್ನು ಬೇರೊಂದು ರೂಪದಲ್ಲಿ ಬಲ್ಲವರಾಗಿದ್ದರು. ಡೀಸೆಲ್ ಎಂಜಿನ್ನಿಗೆ ಯಾವ ಗಳಿಗೆಯಲ್ಲಿ ಎಷ್ಟು ಎಣ್ಣೆ ಹೋಗಬೇಕೆಂಬುದನ್ನು ಆಗ ನಿರ್ಧರಿಸುತ್ತಿದ್ದುದು ಇಂಜೆಕ್ಷನ್ ಪಂಪು. ೧೯೫೧ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ‘ಮೈಕೊ’, ಬೆಂಗಳೂರಿನ ಆಡುಗೋಡಿಯ ತನ್ನ ಕಾರ್ಖಾನೆಯಿಂದ ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಿಗೆ ಇಂಥ ಪಂಪುಗಳನ್ನು ಒದಗಿಸಿತು. ಅದೇ ಕಂಪನಿ ೨೦೦೮ರಿಂದ ಬಾಷ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಈ ಪಂಪಿನ ಮೇಲೆ ಗರಿಷ್ಠ ಎಣ್ಣೆಯ ಮಿತಿಯನ್ನು ಗೊತ್ತುಮಾಡುವ ಒಂದು ತಿರುಪು ಇರುತ್ತಿತ್ತು. ಪರೀಕ್ಷಾ ಯಂತ್ರದ ಮೇಲೆ ಪಂಪನ್ನು ಸರಿಹೊಂದಿಸಿದ ಬಳಿಕ ಆ ತಿರುಪನ್ನು ಯಾರೂ ಮುಟ್ಟದಿರಲೆಂದು ತಂತಿ ಸುತ್ತಿ ಸೀಸದ ಸೀಲು ಒತ್ತುತ್ತಿದ್ದರು. ಹೇರು ಹೊತ್ತ ಲಾರಿ ಏರಿನಲ್ಲಿ ಏದುಸಿರು ಬಿಟ್ಟಾಗ ಅವಸರದ ಚಾಲಕನಿಗೆ ಈ ಸೀಲಿನ ಮೇಲೆ ಕಣ್ಣು ಬೀಳುತ್ತಿತ್ತು. ಕೈಯಳತೆಯಲ್ಲೇ ಒಬ್ಬ ಮೆಕ್ಯಾನಿಕ್ಕು; ಸೀಲು ಒಡೆದು ತಿರುಪನ್ನು ಅರ್ಧ ಸುತ್ತು ತಿರುವಿದರೆ ಎಣ್ಣೆ ಹೆಚ್ಚು, ಎಳೆತ ಹೆಚ್ಚು. ಜೊತೆಗೆ ಹಿಂದಿನಿಂದ ಕಾಡಿಗೆಯಂಥ ಕಪ್ಪು ಹೊಗೆ.

ಹೊಗೆಯ ಕಾರಣ ಸರಳವಾದದ್ದು. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಎಣ್ಣೆಯನ್ನು ತಿರುಪು ತಿರುವಿ ಹೆಚ್ಚಿಸಬಹುದು. ಗಾಳಿಯನ್ನು ಹೆಚ್ಚಿಸುವ ತಿರುಪು ಆ ಪಂಪಿನಲ್ಲಿರಲಿಲ್ಲ. ಉರಿಯದೆ ಉಳಿದ ಎಣ್ಣೆ ಮಸಿಯಾಗಿ ಹೊರಬೀಳುತ್ತಿತ್ತು. ಮಸಿಯ ಜೊತೆಗೆ ಶಾಖವೂ ಏರಿ, ಪಿಸ್ಟನ್ನು ಕವಾಟಗಳು ಬೇಗನೆ ಸವೆಯುತ್ತಿದ್ದವು. ಲಾರಿಯ ಮಾಲೀಕ ಆ ಲೆಕ್ಕವನ್ನು ಕೊನೆಗೆ ಎಂಜಿನ್ನು ಇಳಿಸಿದಾಗ ತೆರುತ್ತಿದ್ದ. ಇಂದಿನ ರೀಮ್ಯಾಪಿಂಗನ್ನು ಅರಿಯಬೇಕಾದರೆ ಈ ತಿರುಪನ್ನು ಮರೆಯಬಾರದು. ತಿರುಪು ಈಗ ಅಂಕಿಯಾಗಿದೆ, ಸೀಸದ ಸೀಲು ಗುಪ್ತಸಂಕೇತವಾಗಿದೆ. ಗಾಳಿ ಎಣ್ಣೆಗಳ ಹಳೆಯ ಲೆಕ್ಕ ಮಾತ್ರ ಹಾಗೆಯೇ ಇದೆ.

ರಟ್ಟಿನ ತೂತು, ಅಂಕಿಯ ಕೋಷ್ಟಕ

ಎಂಜಿನ್ನಿನ ಆಡಳಿತವನ್ನು ವಿದ್ಯುತ್ ಮಿದುಳಿಗೆ ಒಪ್ಪಿಸುವ ಕೆಲಸ ಆರಂಭವಾದದ್ದು ಜರ್ಮನಿಯಲ್ಲಿ. ೧೯೬೭ರಲ್ಲಿ ಬಾಷ್ ಕಂಪನಿಯ ವಿದ್ಯುನ್ಮಾನ ಇಂಧನ ವ್ಯವಸ್ಥೆ ಫೋಕ್ಸ್‌ವ್ಯಾಗನ್ ಕಾರೊಂದರಲ್ಲಿ ಮಾರುಕಟ್ಟೆಗೆ ಬಂದಿತು. ಇಂಧನ ಮತ್ತು ಕಿಡಿ ಇವೆರಡನ್ನೂ ಒಂದೇ ಗಣಕ ನೋಡಿಕೊಳ್ಳುವ ಏರ್ಪಾಟು ೧೯೭೯ರಲ್ಲಿ ಬಿ.ಎಂ.ಡಬ್ಲ್ಯು. ಕಾರಿನಲ್ಲಿ ಕಾಣಿಸಿಕೊಂಡಿತು. ನಮ್ಮ ದೇಶದಲ್ಲಿ ೨೦೦೦ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಾಗ ಕಾರ್ಬ್ಯುರೇಟರು ಮೂಲೆಗೆ ಸರಿದು, ಸಾಮಾನ್ಯರ ಕಾರಿನೊಳಗೂ ಈ ಗಣಕ ಬಂದು ಕುಳಿತಿತು. ಅಂಗೈಗಿಂತ ತುಸು ದೊಡ್ಡದಾದ ಈ ಪೆಟ್ಟಿಗೆಯನ್ನು ವೃತ್ತಿಯವರು ಇ.ಸಿ.ಯು. ಎನ್ನುತ್ತಾರೆ.

ಈ ಪೆಟ್ಟಿಗೆ ಮಾಡುವುದೇನು? ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರಿನ ಕಡೆಯವರಿಗೆ ಜಕಾರ್ಡ್ ಮಗ್ಗದ ಹೋಲಿಕೆ ಕೊಟ್ಟರೆ ಬೇಗ ತಿಳಿದೀತು. ಸೆರಗಿನ ಮೇಲೆ ನವಿಲು ಮೂಡಬೇಕೋ ಹೂವು ಮೂಡಬೇಕೋ ಎಂಬುದನ್ನು ತೂತು ಹೊಡೆದ ರಟ್ಟಿನ ಸಾಲು ನಿರ್ಧರಿಸುತ್ತದೆ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬ ಆಜ್ಞೆ ಆ ತೂತುಗಳಲ್ಲಿದೆ. ರಟ್ಟು ಬದಲಾಯಿಸಿದರೆ ಅದೇ ಮಗ್ಗ, ಅದೇ ನೂಲು ಬೇರೊಂದು ಚಿತ್ತಾರವನ್ನು ಕೊಡುತ್ತದೆ. ಎಂಜಿನ್ನಿನ ಗಣಕದಲ್ಲಿ ರಟ್ಟಿಗೆ ಬದಲಾಗಿ ಅಂಕಿಗಳ ಕೋಷ್ಟಕಗಳಿವೆ. ಅವಕ್ಕೇ ಮ್ಯಾಪುಗಳೆಂದು ಹೆಸರು. ಅಡ್ಡ ಸಾಲಿನಲ್ಲಿ ಎಂಜಿನ್ನಿನ ವೇಗ, ಉದ್ದ ಸಾಲಿನಲ್ಲಿ ಅದರ ಮೇಲಿನ ಹೊರೆ. ಎರಡೂ ಸಂಧಿಸುವ ಮನೆಯಲ್ಲಿ ಎಷ್ಟು ಎಣ್ಣೆ ಸಿಂಪಡಿಸಬೇಕೆಂಬ ಅಂಕಿ. ಹೀಗೆಯೇ ಯಾವ ಕ್ಷಣದಲ್ಲಿ ಸಿಂಪಡಿಸಬೇಕು, ಯಾವ ಒತ್ತಡದಲ್ಲಿ ಸಿಂಪಡಿಸಬೇಕು, ಟರ್ಬೊ ಎಷ್ಟು ಗಾಳಿಯನ್ನು ತುರುಕಬೇಕು, ನೀರು ಕಾದರೆ ಏನು ಕಡಿಮೆ ಮಾಡಬೇಕು, ಗಾಳಿ ತೆಳುವಾದರೆ ಏನು ಮಾಡಬೇಕು ಎಂಬ ಅನೇಕ ಕೋಷ್ಟಕಗಳು.

ಕಾರಿನ ಉದ್ದಗಲಕ್ಕೂ ಗುಪ್ತಚಾರರಂತೆ ಕುಳಿತ ಸಂವೇದಕಗಳು ಒಳಬರುವ ಗಾಳಿಯ ತೂಕ, ನೀರಿನ ಬಿಸಿ, ಅಚ್ಚಿನ ವೇಗ, ಚಾಲಕನ ಪಾದ ಒತ್ತಿದ ಬಗೆ ಇವೆಲ್ಲವನ್ನೂ ಎಡೆಬಿಡದೆ ವರದಿ ಮಾಡುತ್ತಿರುತ್ತವೆ. ಗಣಕ ಕೋಷ್ಟಕ ನೋಡಿ, ಒಂದು ಸೆಕೆಂಡಿನಲ್ಲಿ ಹಲವು ಸಲ ಆಜ್ಞೆ ಹೊರಡಿಸುತ್ತದೆ. ಚಾಲಕ ಪೆಡಲು ತುಳಿದದ್ದು ಎಂಜಿನ್ನಿಗೆ ನೇರ ಮುಟ್ಟುವ ಕಾಲ ಹೋಯಿತು. ಅದು ಈಗ ಒಂದು ಅರ್ಜಿ. ಮಂಜೂರು ಮಾಡುವುದು ಗಣಕ.

ರೀಮ್ಯಾಪು ಮಾಡುವವನು ಚಾಲಕನ ಮೊಣಕಾಲ ಬಳಿಯಿರುವ ತಪಾಸಣೆಯ ಕೊಂಡಿಗೆ ಕೇಬಲು ಸಿಕ್ಕಿಸಿ, ಗಣಕದಲ್ಲಿರುವ ಬರಹವನ್ನೆಲ್ಲ ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಾನೆ. ಎಣ್ಣೆಯ ಪ್ರಮಾಣ, ಟರ್ಬೊ ಒತ್ತಡ, ಗರಿಷ್ಠ ಬಲದ ಮಿತಿ ಇವುಗಳ ಕೋಷ್ಟಕಗಳನ್ನು ಹುಡುಕಿ, ಅಂಕಿಗಳನ್ನು ಏರಿಸಿ ಮತ್ತೆ ಒಳಗೆ ಬರೆಯುತ್ತಾನೆ. ಬಲ್ಲವನಾದರೆ ಕಾರನ್ನು ಉರುಳೆಗಳ ಮೇಲೆ ಓಡಿಸಿ, ಬಲವನ್ನು ಅಳೆದು, ಹೊಗೆಯನ್ನೂ ಶಾಖವನ್ನೂ ನೋಡಿ ಸ್ವಲ್ಪ ಸ್ವಲ್ಪವಾಗಿ ತಿದ್ದುತ್ತಾನೆ. ಅರೆಬರೆ ಕಲಿತವನು ಎಲ್ಲಿಂದಲೋ ಕೊಂಡ ಸಿದ್ಧ ಬರಹವನ್ನು ಎಲ್ಲ ಕಾರಿಗೂ ಒಂದೇ ಸಮ ತುಂಬಿ ಕಳುಹಿಸುತ್ತಾನೆ. ಇನ್ನೊಂದು ಅಗ್ಗದ ಉಪಾಯವೂ ಉಂಟು. ಎಣ್ಣೆಯ ಒತ್ತಡವನ್ನು ಅಳೆಯುವ ಸಂವೇದಕಕ್ಕೂ ಗಣಕಕ್ಕೂ ನಡುವೆ ಪುಟ್ಟ ಪೆಟ್ಟಿಗೆಯೊಂದನ್ನು ಸೇರಿಸುವುದು. ಅದು ಒತ್ತಡ ಕಡಿಮೆಯಿದೆಯೆಂದು ಗಣಕಕ್ಕೆ ಸುಳ್ಳು ಹೇಳುತ್ತದೆ. ಗಣಕ ನಂಬಿ ಒತ್ತಡ ಏರಿಸುತ್ತದೆ. ಮಂತ್ರಿಗೆ ತಪ್ಪು ವರದಿ ಕೊಟ್ಟು ಬೊಕ್ಕಸ ತೆರೆಸುವ ಜಾಣತನವಿದು.

ಒಂದೇ ಎಂಜಿನ್ನು, ಎರಡು ಶಕ್ತಿ

ಕಾರ್ಖಾನೆಯವರು ಶಕ್ತಿಯನ್ನು ಬಚ್ಚಿಡುತ್ತಾರೆಂಬ ಆಪಾದನೆಗೆ ಆಧಾರವೇ ಇಲ್ಲವೆಂದು ಹೇಳಲಾಗದು. ನಮ್ಮ ದೇಶದಲ್ಲಿ ಅತ್ಯಂತ ಹೆಚ್ಚು ಹೆಸರಾದ ಉದಾಹರಣೆ ಫಿಯಟ್ ಕಂಪನಿ ರೂಪಿಸಿದ ೧,೨೪೮ ಸಿ.ಸಿ.ಯ ಡೀಸೆಲ್ ಎಂಜಿನ್ನು. ೨೦೦೭ರಲ್ಲಿ ಮಾರುತಿಯ ಸ್ವಿಫ್ಟಿನಲ್ಲಿ ಬಂದ ಇದು ಟಾಟಾ ಮತ್ತು ಫಿಯಟ್ ಕಾರುಗಳಲ್ಲೂ ಸೇರಿ, ‘ರಾಷ್ಟ್ರೀಯ ಎಂಜಿನ್ನು’ ಎಂಬ ಅಡ್ಡಹೆಸರನ್ನೇ ಪಡೆಯಿತು. ೨೦೨೦ರಲ್ಲಿ ಹೊಸ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು; ಆದರೂ ಈ ಎಂಜಿನ್ನಿನ ಹಳೆಯ ಕಾರುಗಳು ಊರೂರಿನಲ್ಲೂ ಉಳಿದವು.

ಈ ಎಂಜಿನ್ನು ಎರಡು ಅವತಾರಗಳಲ್ಲಿ ಬಂದಿತು. ಸ್ವಿಫ್ಟಿನಲ್ಲಿ ೭೫ ಅಶ್ವಶಕ್ತಿ, ೧೯೦ ನ್ಯೂಟನ್-ಮೀಟರ್ ತಿರುಚುಬಲ. ಅದೇ ಮಾರುತಿಯ ಎಸ್‌ಎಕ್ಸ್-೪ ಮತ್ತು ಎರ್ಟಿಗಾಗಳಲ್ಲಿ ೯೦ ಅಶ್ವಶಕ್ತಿ, ೨೦೦ ನ್ಯೂಟನ್-ಮೀಟರ್. ಸಿಲಿಂಡರಿನ ಗಾತ್ರದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ‘ನೋಡಿದಿರಾ, ಹದಿನೈದು ಕುದುರೆಗಳನ್ನು ಲಾಯದಲ್ಲೇ ಕಟ್ಟಿ ಹಾಕಿದ್ದರು!’ ಎಂದು ರೀಮ್ಯಾಪಿಂಗಿನ ಅಭಿಮಾನಿಗಳು ಹೇಳುವುದು ಇದನ್ನು ನೋಡಿಯೇ.

ಆದರೆ ಲಾಯದೊಳಗೆ ಇಣುಕಿ ನೋಡಿದರೆ ಕಥೆ ಬೇರೆ. ೯೦ ಅಶ್ವಶಕ್ತಿಯ ಎಂಜಿನ್ನಿಗೆ ಕಾರ್ಖಾನೆಯವರು ಕೊಟ್ಟದ್ದು ಬರಿಯ ಹೊಸ ಅಂಕಿಗಳನ್ನಲ್ಲ, ಹೊಸ ಟರ್ಬೊವನ್ನು. ೭೫ರದ್ದರಲ್ಲಿ ಟರ್ಬೊವಿನ ಅಲಗುಗಳು ಅಚಲ. ೯೦ರದ್ದರಲ್ಲಿ ಹೊಗೆಯ ಹರಿವಿಗೆ ತಕ್ಕಂತೆ ಕೋನ ಬದಲಿಸುವ ಅಲಗುಗಳು. ಗಾಳಿ ತುರುಕುವ ಯಂತ್ರವನ್ನೇ ದೊಡ್ಡ ಬೆಲೆಯದಾಗಿ ಮಾಡಿ, ಆಮೇಲೆ ಎಣ್ಣೆ ಹೆಚ್ಚಿಸಿದರು. ಅಷ್ಟು ಮಾಡಿಯೂ ತಿರುಚುಬಲವನ್ನು ಹೆಚ್ಚಿಸಿದ್ದು ಕೇವಲ ಹತ್ತು ಅಂಶ. ಕ್ಲಚ್ಚು, ಗೇರುಪೆಟ್ಟಿಗೆ, ಕ್ರ್ಯಾಂಕಿನ ಅಚ್ಚು ಇವೆಲ್ಲ ಹೊರುವುದು ಈ ತಿರುಚುಬಲವನ್ನೇ ಆದುದರಿಂದ ಆ ವಿಷಯದಲ್ಲಿ ಕಾರ್ಖಾನೆಯವರು ಕೈ ಬಿಗಿಹಿಡಿದರು. ರೀಮ್ಯಾಪು ಮಾಡುವವನಾದರೋ ಹಳೆಯ ಟರ್ಬೊ, ಹಳೆಯ ಕ್ಲಚ್ಚು ಇಟ್ಟುಕೊಂಡೇ ಇದಕ್ಕಿಂತ ಹೆಚ್ಚಿನದನ್ನು ಹಿಂಡಲು ಹೊರಡುತ್ತಾನೆ. ಹೊಸ ರಟ್ಟು ಹಾಕಿ ಮಗ್ಗವನ್ನು ಜೋರಾಗಿ ಎಳೆದರೆ ಚಿತ್ತಾರವೇನೋ ಬದಲಾದೀತು. ನೂಲಿನ ಗಟ್ಟಿತನ ಬದಲಾಗುವುದಿಲ್ಲ.

ಸಿದ್ದಾಪುರದ ದಾರಿಯಲ್ಲಿ

ಎತ್ತಿಟ್ಟ ಶಕ್ತಿ ಯಾವ ದಿನಕ್ಕೆಂಬುದನ್ನು ಬೆಂಗಳೂರಿನ ಮಳಿಗೆಯ ನೆರಳಿನಲ್ಲಿ ನಿಂತು ತಿಳಿಯುವುದು ಕಷ್ಟ. ಅದನ್ನು ತಿಳಿಯಲು ಏಪ್ರಿಲ್ ತಿಂಗಳಿನಲ್ಲಿ ಒಂದು ಸಂಸಾರ ತನ್ನ ಕಾರಿನಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರಕ್ಕೆ ಹೊರಟಿತೆಂದು ಭಾವಿಸೋಣ. ಹೋಗಬೇಕಾದ ಊರೇ. ಸಿದ್ದಾಪುರ, ಪಕ್ಕದ ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರ ಈ ಮೂರು ಕಡೆಗಳಲ್ಲೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆ ಆಜ್ಞೆ ಎರಡು ಸಾವಿರದ ಇನ್ನೂರು ವರ್ಷಗಳಿಂದ ಬಂಡೆಯ ಮೇಲೆ ನಿಂತಿದೆ. ತಾಯಿತಂದೆಗಳ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು ಎಂಬುದು ಅದರ ತಿರುಳು. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಕಾರಿನಲ್ಲಿ ಐವರು, ಹಿಂದೆ ಸಾಮಾನು, ಎ.ಸಿ. ಪೂರ್ಣ ವೇಗದಲ್ಲಿ. ತುಮಕೂರು, ಶಿರಾ, ಹಿರಿಯೂರು ದಾಟಿ ಬಳ್ಳಾರಿ ದಾರಿ ಹಿಡಿದು ಚಳ್ಳಕೆರೆಗೆ ಬರುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಶೇಂಗಾ ಎಣ್ಣೆಯ ಗಿರಣಿಗಳಿಗೆ ಹೆಸರಾದ ಈ ಸೀಮೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಭಾಗಗಳಲ್ಲೊಂದು. ಬೇಸಗೆಯಲ್ಲಿ ಬಿಸಿಲು ೪೦ ಡಿಗ್ರಿಯ ಆಸುಪಾಸಿಗೆ ಏರುತ್ತದೆ. ೨೦ ಡಿಗ್ರಿಯ ಗಾಳಿಗೆ ಹೋಲಿಸಿದರೆ ೪೦ ಡಿಗ್ರಿಯ ಗಾಳಿಯ ಸಾಂದ್ರತೆ ನೂರಕ್ಕೆ ಆರರಷ್ಟು ಕಡಿಮೆ. ಎಂದರೆ ಒಂದೇ ಗುಟುಕಿನಲ್ಲಿ ಎಂಜಿನ್ನಿಗೆ ಸಿಗುವ ಗಾಳಿ ಕಡಿಮೆ. ದಾರಿಯ ಧೂಳು ಕುಡಿದ ಏರ್ ಫಿಲ್ಟರು ಅದನ್ನೂ ತಡೆಯುತ್ತದೆ. ಕೊರತೆ ತುಂಬಲು ಟರ್ಬೊ ಇನ್ನೂ ವೇಗವಾಗಿ ತಿರುಗಬೇಕು. ಮೊದಲೇ ಅದು ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕ ಸುತ್ತು ಹಾಕುವ ಪುಟ್ಟ ಚಕ್ರ. ಒಂದು ಬದಿಯಲ್ಲಿ ಕೆಂಡದಂಥ ಹೊಗೆ, ಮತ್ತೊಂದು ಬದಿಯಲ್ಲಿ ಹೊರಗಿನ ಗಾಳಿ, ನಡುವೆ ಎಣ್ಣೆಯ ತೆಳ್ಳನೆಯ ಪೊರೆಯ ಮೇಲೆ ತೇಲುವ ಅಚ್ಚು.

ಕಾರ್ಖಾನೆಯ ಎಂಜಿನಿಯರು ಕೋಷ್ಟಕ ಬರೆಯುವಾಗ ಈ ಮಧ್ಯಾಹ್ನವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ. ಸಮುದ್ರಮಟ್ಟದ ಮಂಗಳೂರನ್ನೂ, ೯೦೦ ಮೀಟರ್ ಎತ್ತರದ ಬೆಂಗಳೂರನ್ನೂ, ಉಸಿರು ಕಟ್ಟುವ ಲಡಾಖದ ಕಣಿವೆದಾರಿಗಳನ್ನೂ ಅವನು ನೆನೆದಿದ್ದ. ಬೆಂಗಳೂರಿನಲ್ಲೇ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆಯೆಂಬುದು ಅವನಿಗೆ ಗೊತ್ತು. ಕಲಬೆರಕೆ ಡೀಸೆಲ್ ತುಂಬಿಸುವವನು, ಎಂಜಿನ್ ಆಯಿಲನ್ನು ಮೂರು ತಿಂಗಳು ತಡವಾಗಿ ಬದಲಿಸುವವನು, ಫಿಲ್ಟರನ್ನು ಮರೆತೇಬಿಡುವವನು ಇವರೆಲ್ಲರ ಕೈಯಲ್ಲೂ ಎಂಜಿನ್ನು ವರ್ಷಗಟ್ಟಲೆ ಬಾಳಬೇಕು. ಆದುದರಿಂದ ತುಸು ಶಕ್ತಿಯನ್ನು ಕೊಡದೆ ಎತ್ತಿಟ್ಟ. ಮನೆಯ ಗೃಹಿಣಿ ತಿಂಗಳ ಖರ್ಚಿನಲ್ಲಿ ಉಳಿಸಿ ಸಾಸಿವೆ ಡಬ್ಬಿಯಲ್ಲಿ ಬಚ್ಚಿಡುವ ದುಡ್ಡಿನಂತೆ. ಅದು ಯಾರನ್ನೂ ವಂಚಿಸಿ ತೆಗೆದದ್ದಲ್ಲ. ಮನೆಗೆ ಕಷ್ಟ ಬಂದ ದಿನಕ್ಕೆ ಇಟ್ಟದ್ದು.

ರೀಮ್ಯಾಪು ಮಾಡುವವನು ತೆಗೆಯುವುದು ಈ ಡಬ್ಬಿಯ ದುಡ್ಡನ್ನು. ತಂಪಾದ ಬೆಳಗಿನಲ್ಲಿ ಒಬ್ಬನೇ ಕುಳಿತು ಓಡಿಸುವಾಗ ಏನೂ ತಿಳಿಯದು. ಕಾರು ಹಾರಿಹೋಗುತ್ತದೆ, ಮನಸ್ಸು ಹಿಗ್ಗುತ್ತದೆ. ಹೊರೆ, ಬಿಸಿಲು, ಧೂಳು, ದೂರ ನಾಲ್ಕೂ ಒಟ್ಟಿಗೆ ಕೂಡಿದ ದಿನ ಡಬ್ಬಿಗೆ ಕೈ ಹಾಕಿದರೆ ತಳ ಕಾಣುತ್ತದೆ. ಕ್ಲಚ್ಚು ಜಾರತೊಡಗುತ್ತದೆ, ಟರ್ಬೊ ಸಿಳ್ಳು ಹಾಕುತ್ತದೆ, ಪೆಟ್ರೋಲ್ ಎಂಜಿನ್ನಾದರೆ ಅಕಾಲ ಸ್ಫೋಟದಿಂದ ಲೋಹ ಬಡಿದಂಥ ಸದ್ದು ಕೇಳುತ್ತದೆ. ಹಾಳಾಗುವುದು ಒಂದೇ ದಿನದಲ್ಲಿ ಅಲ್ಲ. ಹತ್ತು ವರ್ಷ ಬರಬೇಕಾದದ್ದು ಆರು ವರ್ಷಕ್ಕೆ ಮುಗಿದರೆ ಮಾಲೀಕ ಅದನ್ನು ಕಾರಿನ ದೋಷವೆಂದೇ ತಿಳಿದಾನು.

ಬೆಂಗಳೂರಿನ ಎಂಜಿನಿಯರ್ ಹಿಡಿದ ಕಳ್ಳ ಲೆಕ್ಕ

ಎತ್ತಿಟ್ಟ ಶಕ್ತಿಯಲ್ಲಿ ಒಂದು ಪಾಲು ಎಂಜಿನ್ನಿಗಾಗಿ ಅಲ್ಲ, ದಾರಿಹೋಕರ ಉಸಿರಿಗಾಗಿ. ಈ ಮಾತನ್ನು ಜಗತ್ತಿಗೇ ಮನಗಾಣಿಸಿದ ಪ್ರಕರಣದಲ್ಲಿ ಬೆಂಗಳೂರಿನ ಒಬ್ಬರ ಪಾತ್ರವಿದೆಯೆಂಬುದು ಅನೇಕರಿಗೆ ತಿಳಿಯದು. ಅವರ ಹೆಸರು ಹೇಮಂತ್ ಕಪ್ಪಣ್ಣ. ೨೦೦೨ರಲ್ಲಿ ಉನ್ನತ ವ್ಯಾಸಂಗಕ್ಕೆಂದು ಅಮೆರಿಕೆಗೆ ಹೋದ ಅವರು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ವಾಹನಗಳ ಹೊಗೆಯ ಸಂಶೋಧನೆಯಲ್ಲಿ ತೊಡಗಿದ್ದರು. ಡ್ಯಾನ್ ಕಾರ್ಡರ್ ಅವರ ಮಾರ್ಗದರ್ಶನದಲ್ಲಿ ಕಪ್ಪಣ್ಣ, ಅರವಿಂದ್ ತಿರುವೆಂಗಡಂ, ಮಾರ್ಕ್ ಬೆಶ್ ಎಂಬ ಮೂವರು ೨೦೧೩ರಲ್ಲಿ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಮೂರು ಡೀಸೆಲ್ ಕಾರುಗಳ ಹಿಂದೆ ಅಳತೆಯ ಯಂತ್ರ ಕಟ್ಟಿಕೊಂಡು ಓಡಾಡಿದರು.

ಬಿ.ಎಂ.ಡಬ್ಲ್ಯು. ಕಾರು ಬಹುಮಟ್ಟಿಗೆ ಮಿತಿಯೊಳಗೇ ಇತ್ತು. ಎರಡು ಫೋಕ್ಸ್‌ವ್ಯಾಗನ್ ಕಾರುಗಳ ಲೆಕ್ಕ ಮಾತ್ರ ತಾಳೆಯಾಗಲಿಲ್ಲ. ಪರೀಕ್ಷಾ ಶಾಲೆಯಲ್ಲಿ ಸಭ್ಯವಾಗಿದ್ದ ಅವು ರಸ್ತೆಗಿಳಿದಾಗ ಒಂದು ಕಾರು ನೈಟ್ರೋಜನ್ ಆಕ್ಸೈಡನ್ನು ಮಿತಿಯ ೧೫ರಿಂದ ೩೫ ಪಟ್ಟು, ಇನ್ನೊಂದು ೫ರಿಂದ ೨೦ ಪಟ್ಟು ಉಗುಳಿದವು. ೨೦೧೪ರಲ್ಲಿ ವರದಿ ಹೊರಬಂದಿತು. ಅದರ ಜಾಡು ಹಿಡಿದು ಹೋದ ಅಮೆರಿಕ ಸರಕಾರ ೨೦೧೫ರ ಸೆಪ್ಟೆಂಬರ್ ೧೮ರಂದು ಗುಟ್ಟನ್ನು ಬಯಲಿಗೆಳೆಯಿತು. ಕಂಪನಿಯವರೇ ಗಣಕದಲ್ಲಿ ಎರಡು ಲೆಕ್ಕ ಬರೆದಿಟ್ಟಿದ್ದರು. ಚಕ್ರ ತಿರುಗುತ್ತಿದ್ದರೂ ಸ್ಟಿಯರಿಂಗು ಅಲುಗದಿರುವುದೇ ಮೊದಲಾದ ಸೂಚನೆಗಳಿಂದ ‘ಇದು ಪರೀಕ್ಷೆ’ ಎಂದು ಗಣಕ ಊಹಿಸಿ ಹೊಗೆ ಶುದ್ಧಿಯ ಲೆಕ್ಕವನ್ನು ತೆರೆಯುತ್ತಿತ್ತು. ರಸ್ತೆಗೆ ಬಂದೊಡನೆ ಬೇರೆ ಲೆಕ್ಕ. ಪ್ರಪಂಚದಾದ್ಯಂತ ಇಂಥ ಸುಮಾರು ೧ ಕೋಟಿ ೧೦ ಲಕ್ಷ ಕಾರುಗಳಿದ್ದವು. ಭಾರತದಲ್ಲೇ ೩ ಲಕ್ಷ ೨೩ ಸಾವಿರಕ್ಕೂ ಮಿಕ್ಕ ಕಾರುಗಳ ತಂತ್ರಾಂಶವನ್ನು ತಿದ್ದಿಕೊಡುವುದಾಗಿ ಕಂಪನಿ ೨೦೧೫ರ ಡಿಸೆಂಬರಿನಲ್ಲಿ ಘೋಷಿಸಿತು. ೨೦೧೯ರ ಮಾರ್ಚಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ೫೦೦ ಕೋಟಿ ರೂಪಾಯಿ ದಂಡ ವಿಧಿಸಿತು. ಅದೇ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಲವಂತದ ಕ್ರಮಕ್ಕೆ ತಡೆ ನೀಡಿತು. ಕಪ್ಪಣ್ಣನವರು ಮುಂದೆ ಜನರಲ್ ಮೋಟಾರ್ಸ್ ಸೇರಿದ್ದರು. ೨೦೧೯ರಲ್ಲಿ ಆ ಕಂಪನಿ ಸಾವಿರಾರು ನೌಕರರನ್ನು ಕಡಿಮೆ ಮಾಡಿದಾಗ ಅವರ ಕೆಲಸವೂ ಹೋಗಿ, ಹದಿನೇಳು ವರ್ಷಗಳ ಅಮೆರಿಕ ವಾಸ ಮುಗಿಸಿ ತಾಯ್ನಾಡಿಗೆ ಹೊರಟುಬಂದರು.

ಒಂದು ದೊಡ್ಡ ಕಂಪನಿ ಗುಟ್ಟಾಗಿ ಮಾಡಿದರೆ ಜಗತ್ತು ಹೌಹಾರಿತು. ಅದೇ ಕೋಷ್ಟಕಗಳನ್ನು ಒಬ್ಬೊಬ್ಬ ಮಾಲೀಕ ಹಣ ಕೊಟ್ಟು ತಿದ್ದಿಸಿದಾಗ ಆಗುವುದೂ ಬಹುಮಟ್ಟಿಗೆ ಅದೇ. ೨೦೨೦ರ ಏಪ್ರಿಲ್ಲಿನಿಂದ ಜಾರಿಗೆ ಬಂದ ಬಿ.ಎಸ್.-೬ ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರು ಇರುತ್ತದೆ. ಎಣ್ಣೆ ಹೆಚ್ಚಿಸಿದರೆ ಮಸಿ ಹೆಚ್ಚಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಆಗ ಫಿಲ್ಟರನ್ನೇ ಕಿತ್ತು, ‘ಎಲ್ಲ ಸರಿಯಿದೆ’ ಎಂದು ಗಣಕದಲ್ಲಿ ಬರೆಸುವವರುಂಟು. ಹೊಗೆ ತಪಾಸಣೆಯ ಚೀಟಿಯೇನೋ ಸಿಕ್ಕೀತು. ಡೀಸೆಲ್ ಕಾರಿನ ಆ ತಪಾಸಣೆಯಲ್ಲಿ ಅಳೆಯುವುದು ಹೊಗೆಯ ಕಪ್ಪನ್ನು ಮಾತ್ರ, ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡನ್ನಲ್ಲ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗ ೨೦೧೨ರಲ್ಲೇ ಸಾರಿದೆ. ಶಾಲೆಯ ಗೇಟಿನ ಬಳಿ ಆ ಹೊಗೆ ಯಾರ ಮಕ್ಕಳ ಎದೆಗೆ ಹೋಗುವುದೆಂದು ಯೋಚಿಸುವ ಹೊಣೆ ತಿದ್ದಿಸಿದವನದು.

ಕಾನೂನು, ವಿಮೆ, ಖಾತರಿ

ಕಣ್ಣಿಗೆ ಕಾಣದ ಬದಲಾವಣೆಯೆಂಬ ಮಾತ್ರಕ್ಕೆ ಅದು ಕಾನೂನಿನ ಹೊರಗಲ್ಲ. ತಯಾರಕರು ನಿಗದಿಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ಹೊಂದದಂತೆ ವಾಹನವನ್ನು ಬದಲಾಯಿಸಬಾರದೆಂದು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ವಿಧಿ ಹೇಳುತ್ತದೆ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಪ್ರತಿ ಬದಲಾವಣೆಗೆ ೫,೦೦೦ ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಹೊಗೆಯ ಮಿತಿ ಮೀರಿದ ವಾಹನ ಓಡಿಸಿದರೆ ಮೂರು ತಿಂಗಳವರೆಗಿನ ಸೆರೆ ಅಥವಾ ೧೦,೦೦೦ ರೂಪಾಯಿವರೆಗಿನ ದಂಡ ಬೇರೆ.

ಕಂಪನಿಯ ಖಾತರಿಯ ಅವಧಿಯಲ್ಲಿ ಎಂಜಿನ್ನು ಕೆಟ್ಟರೆ ಮೊದಲು ನೋಡುವುದು ಗಣಕವನ್ನು. ಅನೇಕ ಗಣಕಗಳು ತಮ್ಮನ್ನು ಎಷ್ಟು ಸಲ ಹೊಸದಾಗಿ ಬರೆಯಲಾಗಿದೆಯೆಂಬ ಲೆಕ್ಕವನ್ನು ಇಟ್ಟುಕೊಂಡಿರುತ್ತವೆ. ಹಳೆಯ ಬರಹವನ್ನೇ ಮತ್ತೆ ತುಂಬಿಸಿಕೊಂಡು ಹೋದರೂ ಆ ಎಣಿಕೆ ಸಾಕ್ಷಿ ಹೇಳೀತು. ವಿಮೆಯವರಿಗೆ ತಿಳಿಸದೆ ಮಾಡಿದ ಬದಲಾವಣೆ, ಅಪಘಾತವಾದ ದಿನ ಪರಿಹಾರ ನಿರಾಕರಿಸಲು ಅವರಿಗೆ ದೊರೆತ ಕಾರಣವೂ ಆದೀತು.

ಯಾರಿಗೆ ಒಪ್ಪೀತು?

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಈ ವಿದ್ಯೆಯೇ ಕೆಟ್ಟದ್ದೆಂದು ತಿಳಿಯಬಾರದು. ಕಾರ್ಖಾನೆಯವರೇ ಹೊಸ ಕಾರು ಮಾರಿದ ಬಳಿಕ ತಪ್ಪು ತಿದ್ದಿದ ಬರಹವನ್ನು ತುಂಬಿಕೊಡುವುದುಂಟು; ಬೆಂಗಳೂರಿನಲ್ಲಿ ಈ ಕೋಷ್ಟಕಗಳ ಕೆಲಸದಿಂದಲೇ ಜೀವನ ನಡೆಸುವ ಎಂಜಿನಿಯರುಗಳು ಇದ್ದಾರೆ. ಕೆ-೧೦೦೦ ರ್ಯಾಲಿಯಂಥ ಸ್ಪರ್ಧೆಗಳಲ್ಲಿ ಓಡುವ ಕಾರಿಗೆ ಹೊಸ ಮ್ಯಾಪು ಸಹಜ. ಆದರೆ ಆ ಕಾರಿಗೆ ಕ್ಲಚ್ಚು ಬೇರೆ, ಬ್ರೇಕು ಬೇರೆ. ಅದರ ಎಂಜಿನ್ನನ್ನು ಬಿಚ್ಚಿ ನೋಡುವ ಮೆಕ್ಯಾನಿಕ್ಕು ಜೊತೆಗೇ ಇರುತ್ತಾನೆ. ಅದು ದೀರ್ಘಾಯುಷ್ಯವನ್ನು ಬಯಸಿ ಹುಟ್ಟಿದ್ದಲ್ಲ. ಅಂಗಡಿಯವರು ಹೇಳುವ ಒಂದು ಮಾತಿನಲ್ಲೂ ಸತ್ಯವಿದೆ: ಹೊಗೆಯ ನಿಯಮಕ್ಕಾಗಿ ಕೆಲವು ಎಂಜಿನ್ನುಗಳು ಕಡಿಮೆ ವೇಗದಲ್ಲಿ ತಡವರಿಸುತ್ತವೆ, ಆ ತಡವರಿಕೆಯನ್ನು ತಿದ್ದಬಹುದು. ಮೈಲೇಜು ಹೆಚ್ಚುತ್ತದೆಂಬ ಮಾತೂ ಚಾಲಕ ಮೊದಲಿನಷ್ಟೇ ಮೆಲ್ಲಗೆ ಓಡಿಸಿದರೆ ಒಂದಿಷ್ಟು ನಿಜವಾದೀತು. ಇಪ್ಪತ್ತು ಕುದುರೆಗೆ ಹಣ ತೆತ್ತವನ ಕಾಲು ಪೆಡಲಿನ ಮೇಲೆ ಮೆತ್ತಗೆ ಕುಳಿತೀತೇ ಎಂಬುದು ಬೇರೆ ಪ್ರಶ್ನೆ.

ಆದುದರಿಂದ ಮನೆಯಲ್ಲಿ ಈ ಮಾತು ಎದ್ದಾಗ ಮಗನನ್ನು ಗದರಿಸಿ ಫಲವಿಲ್ಲ. ನಾಲ್ಕು ಪ್ರಶ್ನೆ ಕೇಳುವುದು ಮೇಲು. ಹೆಚ್ಚಿದ ಬಲವನ್ನು ತಡೆಯುವಷ್ಟು ಬ್ರೇಕೂ ಟೈರೂ ಕಾರಿಗುಂಟೇ? ತಿದ್ದಿದ ಬಳಿಕ ಹೊಗೆಯಲ್ಲಿ ಏನೇನು ಹೆಚ್ಚಿತೆಂದು ಅಳೆದು ತೋರಿಸುವರೇ? ಎಂಜಿನ್ನು ಕೆಟ್ಟರೆ ತಿದ್ದಿದವರು ಬರಹದಲ್ಲಿ ಹೊಣೆ ಹೊರುವರೇ? ವಿಮೆಯವರಿಗೂ ಸಾರಿಗೆ ಕಚೇರಿಗೂ ಧೈರ್ಯವಾಗಿ ತಿಳಿಸಬಹುದೇ? ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ ಆಮೇಲೆ ಯೋಚಿಸಬಹುದು. ಅಂಥ ಉತ್ತರ ಕೊಡುವ ಅಂಗಡಿ ಸಿಗುವವರೆಗೆ ಏರ್ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ಟೈರಿನ ಗಾಳಿ ನೋಡಿ, ಒಳ್ಳೆಯ ಬಂಕಿನಲ್ಲಿ ಎಣ್ಣೆ ತುಂಬಿಸಿದರೆ, ಸೊರಗಿದ ಕುದುರೆಗಳಲ್ಲಿ ಎಷ್ಟೋ ತಾವಾಗಿಯೇ ಚೇತರಿಸಿಕೊಂಡು ಎದ್ದುಬರುತ್ತವೆ. ಅವಕ್ಕೆ ಲ್ಯಾಪ್‌ಟಾಪೂ ಬೇಡ, ಗುಟ್ಟೂ ಬೇಡ.